ನನ್ನ ಬೆರಳು ಒಣಗಿತು, ಅಪ್ಪನ ಕಾಲು?

ವಾಲ್ಥಮ್, ಅಮೆರಿಕ, ನವೆಂಬರ್ 9

ಆಯಿಗೆ ನಮಸ್ಕಾರ. ನಾನು ಆರಾಮ.

ನಿನ್ನ ಕಾಗದ ಬಂತು. ಎರಡು ಪುಟ ನನ್ನ ಬೆರಳಿನ ಬ್ಯಾಂಡೇಜ್ ಬಗ್ಗೆಯೇ ಬರೆದಿದ್ದೀಯ. ಅಪ್ಪನ ಕಾಲಿಗೆ ದಬ್ಬೆಯ ಸಿಬಿರು ಚುಚ್ಚಿದ್ದು ಇನ್ನೂ ಒಣಗಿಲ್ಲ ಅನ್ನುವುದು ಮಾತ್ರ ಕೊನೆಯ ಒಂದು ಸಾಲು. ಹೀಗೆ ಬರೆಯುತ್ತಾರಾ?

ಬೆರಳಿನ ಕಥೆ ಮೊದಲು ಮುಗಿಸುತ್ತೇನೆ. ಇಲ್ಲಿ ಚಳಿಗಾಲದ ಗುಂಬಳ ಅಂತಲೇ ಇದೆ. ಚಳಿಯಲ್ಲಿ ಬೆಳೆಯುವುದಲ್ಲ, ಹಿಮ ಬೀಳುವ ಮೊದಲೇ ಕೊಯ್ದು ಚಳಿಗಾಲಕ್ಕೆ ಇಟ್ಟುಕೊಳ್ಳುವುದು. ನಮ್ಮಲ್ಲಿ ಜಂತಿಗೆ ಮೊಗೆಕಾಯಿ ಕಟ್ಟಿಡುವುದಿಲ್ಲವಾ, ಹಾಗೆ. ಸಂತೆಯಲ್ಲಿ ರಾಶಿ ರಾಶಿ. ಹಸಿರು, ಕಿತ್ತಳೆ, ಪಟ್ಟೆ ಪಟ್ಟೆ, ಒಂದಕ್ಕಂತೂ ಕಪ್ಪೆಯ ಮೈ! ಆರಿಸುವುದು ನೀನು ಕಲಿಸಿದ ಹಾಗೆಯೇ. ಕೈಯಲ್ಲಿ ಎತ್ತಿದರೆ ಭಾರ ಅನ್ನಿಸಬೇಕು, ತೊಟ್ಟು ಒಣಗಿರಬೇಕು, ಆದರೆ ಕಳಚಿರಬಾರದು. ಉಗುರು ಊರಿದರೆ ಇಳಿಯಬಾರದು. ನಾನು ಉಗುರು ಊರಿದ್ದು ನೋಡಿ ಮಾರುವವಳು ನಕ್ಕಳು. ನಗಲಿ.

ಹುಳಿಗೆ ಬಟರ್‌ನಟ್ ಒಳ್ಳೆಯದು. ಹೊರಗೆ ಸಣ್ಣ ಸೋರೆಕಾಯಿಯ ಆಕಾರ, ಒಳಗೆ ನಮ್ಮ ಸಿಹಿಗುಂಬಳವೇ, ಜಾತಿಯೂ ಅದೇ. ಅದರ ಒಂದು ಹೆಸರಾದ ತಳಿಗೆ ವಾಲ್ಥಮ್ ಅಂತಲೇ ಹೆಸರು. ನಾನಿರುವ ಈ ಊರಿನ ಕೃಷಿ ಕೇಂದ್ರದಲ್ಲೇ ತಯಾರಾದದ್ದು, 1970ರಲ್ಲಿ ಬಹುಮಾನವೂ ಬಂದಿತ್ತು. ಇಲ್ಲಿಯವರಿಗೇ ಗೊತ್ತಿಲ್ಲ, ನಾನು ಹೇಳಿಕೊಂಡು ತಿರುಗುತ್ತೇನೆ. ಸಿಪ್ಪೆ ತೆಗೆಯುವಾಗ ಸೊನೆ ತಾಗಿ ಕೈ ಚರ್ಮ ಬಿಗಿದುಕೊಳ್ಳುತ್ತದೆ, ಎಣ್ಣೆ ಸವರಿಕೊಂಡೇ ಕೂರಬೇಕು.

ಸ್ಪೆಗೆಟಿ ಸ್ಕ್ವಾಶ್ ಅಂತ ಇನ್ನೊಂದು. ಬೇಯಿಸಿ ಕೆರೆದರೆ ಶಾವಿಗೆಯ ಹಾಗೆ ಎಳೆ ಎಳೆ. ಒಗ್ಗರಣೆ ಹಾಕಿ ಲಿಂಬೆ ಹಿಂಡಿದೆ. ನೋಡುವುದಕ್ಕಷ್ಟೇ ಶಾವಿಗೆ, ರುಚಿ ನೀರು ನೀರು. ಹ್ಯಾಲೋವೀನ್‌ಗೆ ಕಣ್ಣು ಮೂಗು ಕೊರೆದು ದೀಪ ಇಡುವ ದೊಡ್ಡ ಗುಂಬಳವೂ ಅಷ್ಟೇ, ಬರೀ ನಾರು. ಬಾಗಿಲಲ್ಲಿ ಅದನ್ನಿಟ್ಟುಕೊಂಡವರು ನಮ್ಮ ಆಯುಧಪೂಜೆಯ ಬೂದುಗುಂಬಳದ ಕಥೆ ಕೇಳಿ ಬಾಯಿ ಬಿಡುತ್ತಾರೆ!

ಬೆರಳು ಕೊಯ್ದದ್ದು ಕಬೋಚ ಅನ್ನುವ ಗುಂಬಳ. ಗಿಡ್ಡಕ್ಕೆ, ಕಡು ಹಸಿರು. ಕೆಲವು ವಾರ ಇಟ್ಟರೆ ಸಿಹಿ ಏರುತ್ತದೆ, ಬೆಂದರೆ ಗೆಣಸಿನ ಹಾಗೆ ಹಿಟ್ಟು ಹಿಟ್ಟು. ಕಡಬಿಗೆ ಅಂತ ತಂದಿದ್ದೆ. ಇಡೀ ಗುಂಬಳ ಹೆಂಗಸರು ಒಡೆಯಬಾರದು ಅಂತ ನೀನು ಅಪ್ಪನನ್ನು ಕೂಗುತ್ತಿದ್ದೆಯಲ್ಲ, ಇಲ್ಲಿ ಯಾರನ್ನು ಕೂಗಲಿ? ಚಾಕು ಅರ್ಧಕ್ಕೆ ಸಿಕ್ಕಿಕೊಂಡಿತು, ಎಳೆದೆ, ಜಾರಿತು. ಮೆಟ್ಟುಗತ್ತಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಈಗ ನಾಲ್ಕು ಕಡೆ ಚುಚ್ಚಿ ಮೈಕ್ರೋವೇವ್‌ನಲ್ಲಿ ಮೂರು ನಿಮಿಷ ಇಟ್ಟೇ ಕೊಯ್ಯುತ್ತೇನೆ.

ಆರು ದಿನಕ್ಕೆ ಒಣಗಿತು ಆಯಿ. ಅಪ್ಪನಿಗೆ ಚುಚ್ಚಿದ್ದು ನವರಾತ್ರಿಗೆ ಮೊದಲು. ತಿಂಗಳ ಮೇಲಾಯಿತು!

ನೋವೇ ಇಲ್ಲ ಅನ್ನುತ್ತಾನಂತೆ. ನನಗೆ ಹೆದರಿಕೆ ಅದೇ. ಶುಗರ್ ಇದ್ದವರಿಗೆ ಪಾದದ ನರ ಕೆಟ್ಟು ನೋವು ತಿಳಿಯುವುದಿಲ್ಲ. ಒಳಗೆ ಕೀವಾದರೂ ಗೊತ್ತಾಗುವುದಿಲ್ಲ. ಅರಿಸಿನ ಎಣ್ಣೆ ಹಚ್ಚಿ ಕೂರಬೇಡಿ. ಅಡಿಕೆಯ ಕೊನೆಕೊಯ್ಲು ಮುಗಿಯಲಿ ಅಂದರೆ ಕೇಳಲೇಬೇಡ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಬಂದ ದಿನ ರಾಘು ನಿಂತು ನೋಡಿಕೊಳ್ಳಲಿ. ತಡವಾಗಿ ಅಡಿಕೆ ಹಣ್ಣಾದರೆ ಒಣಗಿಸಿ ಚಾಲಿ ಮಾಡಿದರಾಯ್ತು. ನಾಳೆಯೇ ಶಿರಸಿಗೆ ಕರೆದುಕೊಂಡು ಹೋಗು, ಅಲ್ಲಿ ಹುಬ್ಬಳ್ಳಿ ಅಂದರೆ ಹುಬ್ಬಳ್ಳಿಗೇ. ಮೂರು ತಿಂಗಳ ಸಕ್ಕರೆ ಲೆಕ್ಕ ಹೇಳುವ ರಕ್ತಪರೀಕ್ಷೆಯೂ ಆಗಲಿ. ರಾಘುವಿನ ಖಾತೆಗೆ 40,000 ಹಾಕಿದ್ದೇನೆ. ಅದು ಕಾಲಿಗೆ, ಸೊಸೈಟಿ ಸಾಲಕ್ಕಲ್ಲ. ಬರಿಗಾಲಲ್ಲಿ ತೋಟಕ್ಕೆ ಬಿಡಬೇಡ. ರಾತ್ರಿ ಬೆರಳ ಸಂದಿಯನ್ನೂ ನೀನೇ ನೋಡು, ಅವನು ನೋಡಿಕೊಳ್ಳುವುದಿಲ್ಲ.

ಗುಂಬಳ ಅವನಿಗೆ ಆಗುತ್ತಾ ಅಂತ ನೀನು ಕೇಳಿದ್ದೆಯಲ್ಲ. ಪಲ್ಯ ಸ್ವಲ್ಪ ಬಡಿಸು, ಬೆಲ್ಲ ಹಾಕಬೇಡ. ಕಡಬು ಬೇಡವೇ ಬೇಡ.

ನನ್ನ ಚಿಂತೆ ಬಿಡು. ಮನೆ ಬೆಚ್ಚಗಿದೆ, ಊಟ ಜಾಸ್ತಿಯೇ ಆಗುತ್ತಿದೆ, ದಪ್ಪ ಆಗಿದ್ದೇನೆ. ಅಪ್ಪನಿಗೂ ಏನೂ ಆಗುವುದಿಲ್ಲ. ನಾನೇನೂ ಹೆದರಿಲ್ಲ, ನಿಜವಾಗಲೂ.

ಫೋನಿನಲ್ಲಿ ಹೇಳಿದರೆ ನೆಟ್‌ವರ್ಕ್ ಇಲ್ಲ ಅಂತ ಅಪ್ಪ ಇಟ್ಟುಬಿಡುತ್ತಾನೆ. ಅದಕ್ಕೇ ಬರೆದು, ಫೋಟೋ ತೆಗೆದು ರಾಘುವಿಗೆ ಕಳಿಸುತ್ತಿದ್ದೇನೆ. ಅಪ್ಪನ ಎದುರೇ ಗಟ್ಟಿಯಾಗಿ ಓದಲಿ. ಪಾದದ ಫೋಟೋ ಇವತ್ತೇ ಬೇಕು. ಬಸ್ಸಿಗೆ ಹೊತ್ತಾಯಿತು.

ಸುಮ