ಸೌಂಡ್ ಕಮ್ಮಿ ಮಾಡು ಅಂದಿದ್ದೆ ಕಣೋ

ಪ್ರೀತಿಯ ಮಂಜ,

ಈ ಪತ್ರ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ. ಉಪ್ಪಿಟ್ಟಿನ ವಿಷಯ ಎತ್ತುವುದಿಲ್ಲ, ಆಣೆ.

ಮೊನ್ನೆ ಭಾನುವಾರ ಬೆಂಗಳೂರಿನಲ್ಲೇ ಒಂದು ಅಸ್ಸಾಮಿ ಸಿನಿಮಾ ನೋಡಿದೆ. 'ರೊಯ್ ರೊಯ್ ಬಿನಾಲೆ'. ರಾಜೇಶ್ ಭುಯಾನ್ ನಿರ್ದೇಶನ. ಅಸ್ಸಾಮಿನ ಗಾಯಕ ಜುಬೀನ್ ಗರ್ಗ್ ಇದರಲ್ಲಿ ಕಣ್ಣು ಕಾಣದ ಹಾಡುಗಾರನ ಪಾತ್ರ ಮಾಡಿದ್ದಾರೆ. ಕಥೆ, ಸಂಗೀತ ಎರಡೂ ಅವರದೇ. ಪ್ರೀತಿಯ ಕಥೆ, ಆದರೆ ಅದನ್ನು ಹೊತ್ತು ನಡೆಸುವುದು ಹಾಡುಗಳೇ.

ಜುಬೀನ್ ಅಂದರೆ ನಮಗೆ 2006ರ ಹಿಂದಿ ಹಾಡು 'ಯಾ ಅಲಿ' ಒಂದೇ, ಅಲ್ವಾ? ಅಸ್ಸಾಮಿನವರಿಗೆ ಅದು 1992ರ 'ಅನಾಮಿಕಾ' ಕ್ಯಾಸೆಟ್‌ನಿಂದ ಮನೆಯೊಳಗೇ ಇದ್ದ ದನಿ. 2025ರ ಸೆಪ್ಟೆಂಬರ್ 19ಕ್ಕೆ ಸಿಂಗಾಪುರದಲ್ಲಿ ಈಜಲು ಸಮುದ್ರಕ್ಕಿಳಿದವರು ತೀರಿಕೊಂಡರು. 52 ವರ್ಷ ಅಷ್ಟೇ. ಸಿನಿಮಾ ಅಕ್ಟೋಬರ್ 31ಕ್ಕೆ ಬರಲಿ ಅಂತ ಅವರೇ ಗೊತ್ತು ಮಾಡಿದ್ದರಂತೆ. ಅದೇ ದಿನ ಬಂತು. ಅಸ್ಸಾಮಿನಲ್ಲಿ ಬೆಳಕು ಹರಿಯುವ ಮೊದಲೇ ಶೋ.

'ಜೇಮ್ಸ್' ನೋಡಿದ ದಿನ ನೆನಪಿದೆಯಾ? 2022ರ ಮಾರ್ಚ್ 17. ತೆರೆ ಮೇಲೆ ಅಪ್ಪು, ದನಿ ಶಿವಣ್ಣನದು. ನೀನು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಇಲ್ಲಿ ಬೇರೆಯವರ ದನಿ ಹಾಕಲಿಲ್ಲ. ಶೂಟಿಂಗ್‌ನಲ್ಲಿ ಜುಬೀನ್ ಅಂಗಿಗೆ ಸಿಕ್ಕಿಸಿದ್ದ ಪುಟ್ಟ ಮೈಕಿನಲ್ಲಿ ಸಿಕ್ಕಿದ ಮಾತನ್ನೇ ಸಿನಿಮಾದಲ್ಲಿ ಉಳಿಸಿಕೊಂಡಿದ್ದಾರೆ. ಮೊದಲ ಮಾತು ಕೇಳಿದಾಗ ಥಿಯೇಟರಿನಲ್ಲಿ ಒಬ್ಬರೂ ಶಿಳ್ಳೆ ಹೊಡೆಯಲಿಲ್ಲ. ಎಲ್ಲರೂ ಸುಮ್ನೆ ಕೂತರು. ಹೋದವರ ದನಿ ಅಷ್ಟು ಹತ್ತಿರ ಬಂದರೆ ಇನ್ನೇನು ಮಾಡುವುದು ಹೇಳು?

ನನ್ನ ಪಕ್ಕ ಕೂತಿದ್ದವನು ನಮ್ಮ ಬಿಲ್ಡಿಂಗಿನ ಸೆಕ್ಯುರಿಟಿ ಹುಡುಗ. ಯೂನಿಫಾರ್ಮ್ ಇಲ್ಲದೆ ಅವನನ್ನು ನೋಡಿದ್ದು ಅದೇ ಮೊದಲು. ಇಸ್ತ್ರಿ ಮಾಡಿದ ಶರ್ಟು, ಕೊರಳಲ್ಲಿ ಗಮೋಸಾ, ಅಸ್ಸಾಮಿನವರ ಕೆಂಪಂಚಿನ ಬಿಳಿ ವಸ್ತ್ರ. ಅವನ ಅಮ್ಮ ಮಗ್ಗದಲ್ಲಿ ನೇಯ್ದದ್ದಂತೆ. ಹಾಡು ಶುರುವಾದಾಗಲೆಲ್ಲ ಅದರ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ. ಸಬ್‌ಟೈಟಲ್ ಬಿಟ್ಟು ನಾನು ಆ ಬೆರಳನ್ನೇ ನೋಡುತ್ತಿದ್ದೆ.

ಮಂಜ, ಇದನ್ನು ಹೇಳಬೇಕು ಅಂತ ಕೂತಿರಲಿಲ್ಲ. ಸೆಪ್ಟೆಂಬರ್ 19ರ ರಾತ್ರಿ ನಾನು ಹನ್ನೊಂದಕ್ಕೆ ಮನೆಗೆ ಬಂದೆ. ಗೇಟು ತೆಗೆಯುವುದು ತಡವಾಯಿತು. ಅವನು ಮೊಬೈಲು ಮುಂದಿಟ್ಟುಕೊಂಡು ಹಾಡು ಕೇಳುತ್ತಿದ್ದ. ತಲೆ ಎತ್ತಲೇ ಇಲ್ಲ. ನಾನು ಬೈದೆ. 'ಆ ಸೌಂಡ್ ಕಮ್ಮಿ ಮಾಡು ಮೊದಲು' ಅಂದೆ. ಅವನು ಪೂರ್ತಿ ಆಫ್ ಮಾಡಿ, 'ಸಾರಿ ಸರ್' ಅಂದ.

ಅದು 'ಮಾಯಾಬಿನಿ'. 'ನಾನು ಸತ್ತರೆ ಅಸ್ಸಾಮೆಲ್ಲ ಈ ಹಾಡು ಹಾಡಬೇಕು' ಅಂತ ಜುಬೀನ್ ಹಿಂದೆಯೇ ಹೇಳಿದ್ದ ಹಾಡು. 23ಕ್ಕೆ ಗುವಾಹಟಿ ಹತ್ತಿರದ ಸೋನಾಪುರದಲ್ಲಿ ಚಿತೆ ಉರಿಯುವಾಗ ಜನ ಅದನ್ನೇ ಹಾಡಿದರು. ಆ ವಿಡಿಯೋದಲ್ಲಿ ಹಾಡು ಕೇಳಿದ ಕೂಡಲೇ ನನಗೆ ಗುರುತು ಹತ್ತಿತು. ಗೇಟಿನ ಹತ್ತಿರ ನಾನು ನಿಲ್ಲಿಸಿದ್ದು ಇದನ್ನೇ.

ಅಪ್ಪು ಹೋದಾಗ ಕಂಠೀರವ ಸ್ಟೇಡಿಯಂ ಹೊರಗೆ ಗಂಟೆಗಟ್ಟಲೆ ಕ್ಯೂ ನಿಂತಿದ್ದೆವಲ್ಲ, ಗುರುತಿಲ್ಲದ ಒಬ್ಬ ಅಜ್ಜಿ ನನ್ನ ಬೆನ್ನು ಸವರಿದ್ದರು. ಇಲ್ಲಿ ಒಬ್ಬ ಹುಡುಗ ಊರಿನಿಂದ ಅಷ್ಟು ದೂರ ಒಬ್ಬನೇ ಅಳುತ್ತಿದ್ದ. ಮೂರು ವರ್ಷದಿಂದ ಅವನನ್ನು ನೇಪಾಳದವನು ಅಂದುಕೊಂಡಿದ್ದೆ. ಕೇಳಿರಲೇ ಇಲ್ಲ ಕಣೋ.

ಟಿಕೆಟ್ ತೆಗೆದುಕೊಟ್ಟು ಕ್ಷಮೆ ಕೇಳಿದೆ. 'ಪರವಾಗಿಲ್ಲ ಸರ್' ಅಂತ ಕನ್ನಡದಲ್ಲೇ ಅಂದ. ಅದಕ್ಕೂ ಸಂಕಟವಾಯಿತು.

ಸಾಕು ಬಿಡು, ಜಾಸ್ತಿ ಹೇಳಿಬಿಟ್ಟೆ. ಅತ್ತಿಗೆ ಮಂಡಿ ನೋವು ಹೇಗಿದೆ? ಸಂಕ್ರಾಂತಿಗೆ ಬಾ, ಎಳ್ಳುಬೆಲ್ಲ ನನ್ನ ಲೆಕ್ಕ. ಅಸ್ಸಾಮಿನವರಿಗೂ ಅದೇ ಹೊತ್ತಿಗೆ ಮಾಘ ಬಿಹು ಹಬ್ಬ, ಪಿಠಾ ಅಂತ ಎಳ್ಳು ತುಂಬಿದ ಅಕ್ಕಿ ತಿಂಡಿ ಮಾಡುತ್ತಾರಂತೆ. ಬರುವಾಗ ನಿನ್ನ ಹಳೆಯ ಸ್ಪೀಕರ್ ತಗೊಂಡು ಬಾ, ಆ ದೊಡ್ಡದು. ಗೇಟಿನ ಹತ್ತಿರ ಇಡಬೇಕು.

ನಿನ್ನ,
ಗುಂಡಣ್ಣ