‘ನೋಯಿಸಿದ್ದೇನೆ’ ಎಂದು ಬರೆ

ಪ್ರೀತಿಯ ತಂಗಿಗೆ,

ನಿನ್ನ ಪತ್ರವೂ ಜೊತೆಗಿದ್ದ ಕ್ಷಮಾಪಣೆಯ ಕರಡೂ ತಲುಪಿದವು. ಮೂರು ಸಲ ಓದಿದೆ. ಈಗಿರುವಂತೆಯೇ ಅದನ್ನು ನಿನ್ನ ಕಥೆ ತಿದ್ದಿದ ಹಿರಿಯರಿಗೆ ಕಳುಹಿಸಬೇಡ.

ನಿನ್ನ ಕಥೆಯ ಧಾರವಾಡದ ಅಜ್ಜಿ ‘ಉಳ್ಳಾಗಡ್ಡಿ’ ಹೆಚ್ಚುತ್ತಾಳೆ. ಅವರು ಅದನ್ನು ‘ಈರುಳ್ಳಿ’ ಎಂದು ತಿದ್ದಿದರು. ಮಂಗಳೂರಿನ ಅಜ್ಜಿಯಾಗಿದ್ದರೆ ಅದೇ ‘ನೀರುಳ್ಳಿ’ಯಾಗುತ್ತಿತ್ತು. ಕನ್ನಡದ ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷಗಳನ್ನು ಎಣಿಸಹೊರಟರೆ ವಾಸುಕಿಗೂ ಬೇಸರವಾದೀತೆಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ಹೇಳಿದೆ. ಅಜ್ಜಿಯ ಬಾಯಲ್ಲಿ ಉಳ್ಳಾಗಡ್ಡಿಯೇ ಇರಬೇಕು. ಆ ಅಭಿಪ್ರಾಯವನ್ನು ನೀನು ಹಿಂತೆಗೆದುಕೊಳ್ಳಬೇಕಾಗಿಲ್ಲ. ಬರೀ ಮರ್ಯಾದೆಗಾಗಿ ಹಿಂತೆಗೆದುಕೊಂಡರೆ, ಬದುಕಿಡೀ ಪದಗಳನ್ನು ತೂಗಿ ನೋಡಿದ ಆ ಹಿರಿಯರಿಗೆ ಅದು ತಿಳಿಯದೆ ಇರುವುದಿಲ್ಲ.

ಆದರೆ ಸಭೆಯಲ್ಲಿ, ಹೊಸದಾಗಿ ಸೇರಿದವರ ಎದುರಿಗೆ, ‘ನಿಮಗೆ ಬೆಂಗಳೂರಿನಾಚೆ ಕನ್ನಡವೇ ಇಲ್ಲ’ ಎಂದೆಯಲ್ಲ, ಅದು ಪದದ ಚರ್ಚೆಯಾಗಿರಲಿಲ್ಲ. ಕ್ಷಮೆ ಕೇಳಬೇಕಾದದ್ದು ಅದಕ್ಕೆ.

ನಿನ್ನ ಕರಡಿನ ಮೊದಲ ಸಾಲು ನೋಡು: ‘ನನ್ನ ಮಾತಿನಿಂದ ತಮಗೆ ನೋವಾಗಿದ್ದರೆ ಕ್ಷಮೆಯಿರಲಿ.’ ಆಗಿದ್ದರೆ? ಅವರು ಕನ್ನಡಕ ತೆಗೆದು, ಮಡಚಿ, ಮಾತಿಲ್ಲದೆ ಎದ್ದುಹೋದರೆಂದು ನೀನೇ ನನಗೆ ಬರೆದಿದ್ದೀಯೆ. ಇನ್ನು ಆ ‘ನೋವಾಗು’ ಎಂಬ ಕ್ರಿಯಾಪದ. ಮಳೆಯಾಯಿತು, ಸಂಜೆಯಾಯಿತು, ನೋವಾಯಿತು. ಯಾರೂ ಏನೂ ಮಾಡಲೇ ಇಲ್ಲ ಎಂಬಂತೆ! ‘ನೋಯಿಸಿದ್ದೇನೆ’ ಎಂದು ಬರೆ. ‘ನಾನು’ ಎಂದು ಬೇರೆ ಹೇಳದಿದ್ದರೂ ಆ ಕ್ರಿಯಾಪದದ ಕೊನೆಯಲ್ಲಿ ನೀನು ನಿಂತಿರುತ್ತೀಯೆ. ಎದುರು ನಿಂತು ‘ತಪ್ಪಾಯಿತು’ ಎಂದರೆ ಸಾಕಾಗಬಹುದು. ಅಲ್ಲಿ ಮುಖ ಕಾಣುತ್ತದೆ, ದನಿ ಕೇಳುತ್ತದೆ. ಕಾಗದಕ್ಕೆ ಅವೆರಡೂ ಇಲ್ಲ.

ನನ್ನದೊಂದು ಸಂಗತಿ ಹೇಳುತ್ತೇನೆ. ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ಹಿರಿಯ ಸಹೋದ್ಯೋಗಿಯೊಬ್ಬರು ತಿದ್ದಿದ್ದ ಕರಡಿನ ಅಂಚಿನಲ್ಲಿ ‘ಇದನ್ನು ನೋಡಿದವರಿಗೆ ವ್ಯಾಕರಣ ಗೊತ್ತಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಗೀಚಿದ್ದೆ. ಸಂಜೆಯ ಹೊತ್ತಿಗೆ ನಾಚಿಕೆಯಾಯಿತು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಕೂರಿಸಿ ಕಾಫಿ ಕೊಟ್ಟರು. ನಾನು ಲೋಟ ಕೆಳಗಿಟ್ಟ ಮೇಲೆ ಮೆಲ್ಲಗೆ ಹೇಳಿದರು: ‘ಆ ಕರಡನ್ನು ಮೊಳೆ ಜೋಡಿಸುವ ಹುಡುಗರೆಲ್ಲ ಓದಿದ್ದಾರೆ.’

ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಆ ಹುಡುಗರ ನಡುವೆಯೇ ನಿಂತು, ನಾನು ಬರೆದದ್ದು ಸುಳ್ಳು, ಬರೆದದ್ದು ಸಿಟ್ಟಿನಿಂದ ಎಂದು ಹೇಳಿದೆ. ಆ ಹಿರಿಯ ಸಹೋದ್ಯೋಗಿ ತಲೆಯೆತ್ತಲಿಲ್ಲ. ಓದುತ್ತಿದ್ದ ಕರಡಿನ ಒಂದು ಹಾಳೆಯನ್ನು ನನ್ನತ್ತ ಚಾಚಿ, ‘ಈ ಪುಟ ನೀನು ನೋಡು’ ಎಂದರು.

ಪತ್ರವನ್ನು ಕೈಯಲ್ಲೇ ಬರೆದು ಕೊಡು. ನಾಲ್ಕು ಸಾಲು ಸಾಕು. ನಿನ್ನ ಸಿಟ್ಟಿಗೆ ಕಾರಣಗಳನ್ನು ಅದರಲ್ಲಿ ತುಂಬಬೇಡ. ಮುಂದಿನ ಸಭೆಯಲ್ಲಿ, ಅಂದು ಕೇಳಿಸಿಕೊಂಡವರೆಲ್ಲ ಕುಳಿತಿರುವಾಗ, ಅದನ್ನೇ ಬಾಯಲ್ಲಿ ಹೇಳು. ಅವರು ಒಡನೆಯೇ ನಗದಿದ್ದರೆ ಬೇಸರಿಸಬೇಡ; ಸಮಯ ಬೇಕಾಗಬಹುದು. ಉಳ್ಳಾಗಡ್ಡಿಯ ಮಾತನ್ನು ಆ ದಿನ ಎತ್ತಬೇಡ. ಕಥೆ ಅಚ್ಚಿಗೆ ಹೋಗುವ ಮುನ್ನ ಅವರ ಮೇಜಿನ ಬಳಿ ಹೋಗಿ, ಅಜ್ಜಿ ಮಾತನಾಡುವ ಆ ಪುಟವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳು.

ನಿನ್ನ ಅಣ್ಣ