ಅಪ್ಪನ ಕಾಲು, ನೈರೋಬಿಯ ಮುದ್ದೆ

ನೈರೋಬಿ
ಭಾನುವಾರ ಬೆಳಿಗ್ಗೆ

ಅಕ್ಕನಿಗೆ ನಮಸ್ಕಾರ. ಅವ್ವ, ಅಪ್ಪನಿಗೂ ನಮಸ್ಕಾರ. ಭಾವನವರನ್ನ ಕೇಳಿದೆ ಅಂತ ಹೇಳು, ಪುಟ್ಟಿಗೆ ಒಂದು ಮುತ್ತು. ನಾನು ಆರಾಮಾಗಿದ್ದೀನಿ.

ಸಾರಿನ ಪುಡಿ ಜೊತೆ ನೀನು ಕಳಿಸಿದ ಕಾಗದ ಗುರುವಾರ ಕೈಗೆ ಬಂತು. ಪುಡಿ ಕಟ್ಟು ಒಡೆದು ಕಾಗದದ ಮಡಿಕೆಯಲ್ಲೆಲ್ಲ ತುಂಬಿಕೊಂಡಿತ್ತು. ಓದ್ತಾ ಓದ್ತಾ ನಾಲ್ಕು ಸಲ ಸೀನಿದೆ, ಕಣ್ಣಲ್ಲಿ ನೀರೂ ಬಂತು. ರೂಮಿನವನು ಏನಾಯ್ತು ಅಂದ, ಮೆಣಸಿನಕಾಯಿ ಅಂದೆ.

ಫೋನಲ್ಲೇ ಮಾತಾಡಬಹುದಿತ್ತು. ಆದ್ರೆ ನೀನು ಫೋನ್ ಎತ್ತಿದಾಗೆಲ್ಲ ಅಪ್ಪ ಪಕ್ಕದಲ್ಲೇ ಕೂತಿರ್ತದೆ, ನೀನು "ಹೂಂ ಕಣೋ, ಎಲ್ಲಾ ಚೆನ್ನಾಗವ್ರೆ" ಅಂದು ಮುಗಿಸ್ತೀಯ. ಇದನ್ನ ಒಬ್ಬಳೇ ಓದ್ಕೊ. ನಡುವೆ ಅಪ್ಪನಿಗೆ ಅಂತ ಬರೆದಿರೋದನ್ನ ಮಾತ್ರ ಗಟ್ಟಿಯಾಗಿ ಓದು.

ಮೊದಲು ಇದನ್ನ ಹೇಳು. ಅಪ್ಪನ ಕಾಲಿಗೆ ಗದ್ದೆ ಕೂಳೆ ಚುಚ್ಚಿದ್ದು "ಮೊನ್ನೆ" ಅಂತ ಬರೆದಿದ್ದೀಯ. ಕಾಗದ ನನ್ನ ಕೈ ಸೇರೋಕೇ ಹನ್ನೆರಡು ದಿನ ಆಗಿದೆ. ಈಗ ಗಾಯ ಹೇಗಿದೆ? ಒಣಗಿದೆಯಾ? ಸುತ್ತ ಕಪ್ಪಾಗಿದೆಯಾ? ವಾಸನೆ ಬರ್ತಿದೆಯಾ? "ನೋವೇ ಇಲ್ಲ ಅಂತ ಗದ್ದೆಗೆ ಹೋಗ್ತಾ ಅದೆ" ಅಂತ ನೀನು ನನ್ನ ಸಮಾಧಾನಕ್ಕೆ ಬರೆದೆ, ಅದನ್ನ ಓದಿಯೇ ನನಗೆ ಎದೆ ಧಸಕ್ ಅಂದಿದ್ದು. ಶುಗರ್ ಬಹಳ ವರ್ಷದಿಂದ ಇದ್ದೋರಿಗೆ ಪಾದದ ನರ ಜೋಮು ಹಿಡಿದು ನೋವು ಗೊತ್ತಾಗದೆ ಹೋಗ್ತದಂತೆ. ಒಳಗೆ ಕೀವು ಏರ್ತಿದ್ರೂ ಓಡಾಡ್ತಾನೇ ಇರ್ತಾರೆ. ಹೊಂಗೆ ಎಣ್ಣೆ, ಅರಿಶಿನ ಎಲ್ಲ ಸಾಕು ಮಾಡಿ. ಊಟ ಆದ ಮೇಲೆ ಶುಗರ್ 340 ಬಂದಿದೆ ಅಂದ್ರೆ ಗಾಯ ಮಾಯೋದಾದ್ರೂ ಹೇಗೆ?

ಇನ್ನು ಮಾತ್ರೆ ವಿಷಯ. ಯಾರೋ "ಎರಡು ಹೊತ್ತೂ ಮುದ್ದೆ ಉಣ್ಣೋನಿಗೆ ಮಾತ್ರೆ ಯಾಕ್ಲಾ" ಅಂದ್ರಂತೆ, ಅಪ್ಪ ಡಬ್ಬಿಯನ್ನೇ ಅಟ್ಟಕ್ಕೆ ಎಸೆದದೆಯಂತೆ. ಆಲೆಮನೆಯಲ್ಲಿ ಬಿಸಿ ಬೆಲ್ಲ ನೆಕ್ಕೋದನ್ನಾದ್ರೂ ಬಿಟ್ಟಿದೆಯಾ? ಅದನ್ನ ನೀನು ಬರೆದಿಲ್ಲ, ಬರೆಯದೇ ಇರೋದ್ರಿಂದಲೇ ಕೇಳ್ತಿದ್ದೀನಿ.

ಇಲ್ಲಿಂದ ಅಪ್ಪನಿಗೆ ಓದು.

ಅಪ್ಪ, ನಾನಿಲ್ಲಿ ಹೊಟ್ಟೆ ತುಂಬ ಉಣ್ತಾ ಇದ್ದೀನಿ, ಯೋಚನೆ ಮಾಡಬೇಡ. ಇಲ್ಲೂ ಮುದ್ದೆ ಇದೆ, ಉಗಾಲಿ ಅಂತಾರೆ. ಫ್ಯಾಕ್ಟರಿ ಗೇಟಿನ ಎದುರು ಒಂದು ತಗಡಿನ ಹೋಟ್ಲು. ಅದನ್ನ ನಡೆಸೋ ಹೆಂಗಸನ್ನ ಎಲ್ಲರೂ 'ಮಾಮಾ' ಅಂತ ಕರೀತಾರೆ. ಇಲ್ಲಿ ಮಾಮಾ ಅಂದ್ರೆ ಅವ್ವ. ಮೊದಲ ವಾರ ನನಗೆ ಕರೆಯೋಕೇ ಆಗ್ಲಿಲ್ಲ, ನಗು ಬಂದುಬಿಡೋದು. ಆಯಮ್ಮ ನೀರು ಕುದಿಸಿ, ಹಿಟ್ಟು ಸುರಿದು, ಚಪ್ಪಟೆ ಮರದ ಸೌಟಲ್ಲಿ ಪಾತ್ರೆ ಅಂಚಿಗೆ ಒತ್ತಿ ಒತ್ತಿ ತಿರುವ್ತದೆ. ಅವ್ವನ ಹಾಗೆ ಪಾತ್ರೆ ಕೆಳಗಿಟ್ಟು ಹಿಟ್ಟಿನ ಕೋಲಲ್ಲಿ ಗುದ್ದೋದಿಲ್ಲ, ನಿಂತೇ ತಿರುವೋದು. ಗಂಟಾದ್ರೆ ಮಾತ್ರ ಅವ್ವನ ಹಾಗೇ ಪಕ್ಕದವರ ಮೇಲೆ ರೇಗ್ತದೆ. ಉಣ್ಣೋರು ಒಂದೊಂದೇ ತುತ್ತು ಮುರಿದು, ಉಂಡೆ ಕಟ್ಟಿ, ಹೆಬ್ಬೆರಳಲ್ಲಿ ಗುಳಿ ಮಾಡಿ, ಗುಳಿಗೆ ಸೊಪ್ಪು ತುಂಬಿಕೊಳ್ತಾರೆ. ಆಮೇಲೆ ಅಗೀತಾರೆ! ನಾನು ಮೊದಲನೇ ದಿನ ಗುಳುಂ ಅಂತ ನುಂಗಿದ್ದು ನೋಡಿ ಎದುರಿಗಿದ್ದ ಹುಡುಗ ಗಾಬರಿಯಾಗಿ ನೀರಿನ ಲೋಟ ನನ್ನ ಕಡೆ ತಳ್ಳಿದ. ಗಂಟಲಲ್ಲಿ ಸಿಕ್ಕಿಕೊಂಡಿದೆ ಅಂದ್ಕೊಂಡ.

ಬಣ್ಣ ಮಾತ್ರ ಸುಣ್ಣದ ಹಾಗೆ ಬಿಳಿ. ಬಿಳಿ ಮುಸುಕಿನ ಜೋಳದ ಹಿಟ್ಟು. ಅದೂ ಇಲ್ಲಿಯದಲ್ಲ, ಅಮೆರಿಕದ ಕಡೆಯ ಬೆಳೆ, ಪೋರ್ಚುಗೀಸರ ಹಡಗಲ್ಲಿ ಬಂದದ್ದು, ನಮಗೆ ಮೆಣಸಿನಕಾಯಿ ಬಂದ ಹಾಗೆ. ಅದಕ್ಕೂ ಹಿಂದೆ ಇವರ ಮುದ್ದೆ ಬಿಳಿ ಜೋಳದ್ದು, ಇಲ್ಲ ರಾಗೀದು. ಹೂಂ, ರಾಗಿ! ಇಲ್ಲಿ ಅದರ ಹೆಸರು ವಿಂಬಿ. ಮಾಮಾ ಕಿಸಿ ಅನ್ನೋ ಊರಿನ ಕಡೆಯೋರು, ಅಲ್ಲಿ ಈಗಲೂ ಕಂದು ಉಗಾಲಿ ಇಲ್ಲದೆ ನೆಂಟರಿಗೆ ಬಡಿಸಿದ್ರೆ ಮರ್ಯಾದೆ ಇಲ್ಲವಂತೆ. ಮಿಕ್ಕೋರು ರಾಗಿನ ಗಂಜಿ ಮಾಡಿ ಕುಡೀತಾರೆ, ಉಜಿ ಅಂತ, ನಮ್ಮ ಅಂಬಲಿ ಥರವೇ.

ರಾಗಿ ಹುಟ್ಟಿದ್ದೇ ಈ ಸೀಮೆಯಲ್ಲಿ ಅಪ್ಪ, ಇಥಿಯೋಪಿಯಾ, ಉಗಾಂಡದ ಎತ್ತರದ ನೆಲದಲ್ಲಿ. ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂತು. ತಾತ ಇಂಡಾಫ್ ರಾಗಿ ಹಾಕ್ತಿತ್ತಲ್ಲ, ಹೆಸರು ಇಂಗ್ಲಿಷಿನದು ಅಂದ್ಕೊಂಡಿದ್ದೆ ನಾನು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಇಲ್ಲಿಯ ತಳಿಗೂ ನಮ್ಮ ತಳಿಗೂ ಕೂಡಿಸಿ ಮಾಡಿದ್ದು. ಅಂದ್ರೆ ನಮ್ಮ ಮನೆಗೂ ಈ ನಾಡಿಗೂ ನಾನು ಬರೋಕೆ ಎಷ್ಟೋ ಮೊದಲೇ ನೆಂಟಸ್ತನ ಬೆಳೆದಿತ್ತು. ಮಾಮಾಗೆ ಹೇಳಿದೆ. "ಹಾಗಾದ್ರೆ ಸಾಲ ತೀರಿಸು" ಅಂತು.

ತೀರಿಸಿದೆ. ಹೋದ ಭಾನುವಾರ ಆಯಮ್ಮನ ಒಲೆ ಮೇಲೆ ನಾನೇ ಬಸ್ಸಾರು ಮಾಡಿದೆ. ಇಲ್ಲಿ ಸಂತೇಲಿ ಮನಗು ಅಂತ ಸಿಗ್ತದೆ, ನೋಡಿದ್ರೆ ನಮ್ಮ ಗಣಿಕೆ ಸೊಪ್ಪಿನ ಜಾತಿ. ತೆರೆರೆ ಅನ್ನೋದು ದಂಟಿನ ಸೊಪ್ಪಿನ ಕುಲ. ಎರಡನ್ನೂ ಹೆಸರುಕಾಳಿನ ಜೊತೆ ಬೇಯಿಸಿ, ಕಟ್ಟು ಬಸಿದೆ. ಆ ನೀರನ್ನ ಚೆಲ್ತೀನಿ ಅಂದ್ಕೊಂಡು ಮಾಮಾ ಚರಂಡಿ ಕಡೆ ಕೈ ತೋರಿಸ್ತು. ನಾನು ಕೆಂಡದ ಮೇಲೆ ಈರುಳ್ಳಿ, ಬೆಳ್ಳುಳ್ಳಿ ಸುಟ್ಟು, ಕಾಯಿ, ಹುಣಸೆ, ಅಕ್ಕನ ಪುಡಿ, ಒಂದು ಹಿಡಿ ಬೆಂದ ಸೊಪ್ಪುಕಾಳು ಎಲ್ಲ ಸೇರಿಸಿ ರುಬ್ಬಿ ಅದೇ ಕಟ್ಟಿಗೆ ಕಲಸಿ ಕುದಿಸಿದೆ. ಸೊಪ್ಪಿಗೆ ಬೇರೆ ಒಗ್ಗರಣೆ. ಒಂದೇ ಸೊಪ್ಪಲ್ಲಿ ಸಾರು, ಪಲ್ಯ ಎರಡೂ! ಇಲ್ಲಿ 'ಸುಕುಮ ವಿಕಿ' ಅಂತ ಒಂದು ಸೊಪ್ಪಿದೆ, ಹೆಸರಿನ ಅರ್ಥ 'ವಾರ ತಳ್ಳು'. ದುಡ್ಡು ಮುಗಿದ ಮೇಲೆ ವಾರ ತಳ್ಳೋಕೆ ಅದೇ ಗತಿ. ಬಸ್ಸಾರು ಮಾಡಿದ್ರೆ ಎರಡು ವಾರ ತಳ್ಳಬಹುದು ಅಂದೆ. ಮುದ್ದೆ ಸ್ವಲ್ಪ ಅಂಟಾಯ್ತು, ಅದನ್ನ ಅವ್ವನಿಗೆ ಹೇಳಬೇಡ.

ಈಗ ಅಸಲು ಮಾತು ಕೇಳು. ಮಾಮಾನ ಗಂಡನಿಗೂ ನಿನ್ನ ಕಾಯಿಲೆಯೇ. ಇಲ್ಲಿ ಸಕ್ಕರೆಗೆ ಸುಕಾರಿ ಅಂತಾರೆ, ಕಾಯಿಲೆಗೆ 'ಉಗೊಂಜ್ವ ವ ಸುಕಾರಿ', ಅಂದ್ರೆ ನಮ್ಮ ಸಕ್ಕರೆ ಕಾಯಿಲೆಯೇ. ಹುಟ್ಟಿದಾಗಿನಿಂದ ರಾಗಿ ಉಂಡ ಮನುಷ್ಯ. ರಾಗಿಯ ತವರಲ್ಲೇ ರಾಗಿ ಕಾಯಲಿಲ್ಲ ಅಂದ್ಮೇಲೆ ಮಂಡ್ಯದಲ್ಲಿ ಕಾಯ್ತದಾ? ರಾಗಿ ಒಳ್ಳೇದೇ, ನಾನು ಬೇಡ ಅಂತಿಲ್ಲ. 100 ಗ್ರಾಂ ಹಿಟ್ಟಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ. ಆದ್ರೆ ಅದೇ 100 ಗ್ರಾಂನಲ್ಲಿ 70 ಗ್ರಾಂ ಹತ್ತಿರ ಶರ್ಕರಪಿಷ್ಟನೂ ಇದೆ, ಹೊಟ್ಟೆಗೆ ಹೋದ್ರೆ ಅದು ಸಕ್ಕರೆಯೇ ಆಗೋದು. ನಿನ್ನ ಮುದ್ದೆ ಬೇರೆ ತೆಂಗಿನಕಾಯಿ ಗಾತ್ರ. ಮುದ್ದೆ ಉಣ್ಣು, ಅರ್ಧ ಉಣ್ಣು, ಸೊಪ್ಪುಕಾಳು ಜಾಸ್ತಿ ಹಾಕ್ಕೊ, ಮಾತ್ರೆ ಬಿಡಬೇಡ.

ಅಪ್ಪನಿಗೆ ಇಷ್ಟೇ. ಇನ್ನು ಮೆತ್ತಗೆ ಓದ್ಕೊ.

ಮಾಮಾ ಗಂಡನ ಅಂಗೈಗೆ ಮೊದಲು ಮಾತ್ರೆ ಹಾಕ್ತದೆ, ಅವರು ನುಂಗಿ ಬಾಯಿ ತೆರೆದು ತೋರಿಸೋವರೆಗೂ ತಟ್ಟೆ ಮುಂದಕ್ಕೆ ಬರಲ್ಲ. ಅವ್ವನ ಕೈಲಿ ಇದು ಆಗಲ್ಲ, ಅಪ್ಪ "ಹಸಿವು" ಅಂದ ತಕ್ಷಣ ಕರಗಿಹೋಗ್ತದೆ. ಹಾಗಾಗಿ ಆಸ್ಪತ್ರೆಗೆ ನೀನೇ ಕರ್ಕೊಂಡು ಹೋಗು. ನಾಳೆಯೇ. ಭಾವನವರಿಗೆ ರಜೆ ಸಿಗದಿದ್ರೆ ಆಟೋ ಮಾಡ್ಕೊ. ಮಂಡ್ಯದಲ್ಲಿ ಆಗಲ್ಲ ಅಂದ್ರೆ ಮೈಸೂರಿಗೆ ಹೋಗಿ. ನಿನ್ನ ಖಾತೆಗೆ 25,000 ಹಾಕಿದ್ದೀನಿ. ಅಪ್ಪ ಕೇಳಿದ್ರೆ ಓವರ್‌ಟೈಮ್ ದುಡ್ಡು ಅನ್ನು. ಸಾಲದಿದ್ರೆ ಇನ್ನೂ ಕಳಿಸ್ತೀನಿ, ನನಗೇನೂ ತೊಂದರೆ ಇಲ್ಲ, ಚೆನ್ನಾಗಿ ನಿದ್ದೆ ಮಾಡ್ತೀನಿ, ಚೆನ್ನಾಗಿ ಉಣ್ತೀನಿ, ಮೈ ಕೂಡ ಬಂದಿದೆ. ನನ್ನ ಬಗ್ಗೆ ಅವ್ವ ಸುಮ್ಮನೆ ಹರಕೆ ಹೊರೋದು ಬೇಡ.

ಇದನ್ನ ಮೈಸೂರಿಗೆ ಹೊರಟಿರೋರ ಕೈಲಿ ಕೊಡ್ತಿದ್ದೀನಿ, ಅವರ ಕಾರು ಕೆಳಗೆ ಹಾರ್ನ್ ಹೊಡೀತಿದೆ. ಇಲ್ಲಿ ಹಳೇ ಟೈರಲ್ಲಿ ಅಕಾಲ ಅಂತ ಚಪ್ಪಲಿ ಮಾಡ್ತಾರೆ, ಗದ್ದೆ ಕೂಳೆ ಏನೂ ನಾಟಲ್ಲ. ಗಾಯ ಮಾಯ್ದ ಮೇಲೆ ಹಾಕ್ಕೊಳ್ಳಲಿ ಅಂತ ಒಂದು ಜೊತೆ ಮಾಡಿಸ್ತೀನಿ. ಅಳತೆ ಬೇಕು. ಅಪ್ಪನ ಪಾದ ಕಾಗದದ ಮೇಲೆ ಇಡಿಸಿ, ಸುತ್ತ ಪೆನ್ಸಿಲಲ್ಲಿ ಗೆರೆ ಎಳೆದು ಫೋಟೋ ಕಳಿಸು. ಚಪ್ಪಲಿಗೆ ಅಂದ್ರೆ ಕಾಲು ಕೊಡ್ತದೆ. ಗೆರೆ ಎಳೀವಾಗ ಬೆರಳು ಸಂದಿ, ಅಡಿಭಾಗ ಎಲ್ಲ ಸರಿಯಾಗಿ ನೋಡಿಬಿಡು.

ನಿನ್ನ ತಮ್ಮ